ಬ್ಯಾಟರಿ ಕಿಟಕಿಯ ಮೇಲೆ

ಮರ ಕೊಯ್ಯುವ ಕೈಮೆಷಿನ್ನಿಗೆ ವೈರ್ ಇದ್ದ ಕಾಲದಲ್ಲಿ ಅಪಾಯ ಎಲ್ಲಿದೆ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು. ಗೋಡೆಯ ಪ್ಲಗ್ಗಿನಲ್ಲಿ ಪಿನ್ನು ಇದ್ದರೆ ಮೆಷಿನ್ನಿಗೆ ಜೀವ ಇದೆ, ಕಿತ್ತಿದ್ದರೆ ಇಲ್ಲ. ಭದ್ರಾವತಿ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿಗೆ ಬಾಗಿಲು ಕಿಟಕಿ ರಿಪೇರಿಗೆ ಬರುತ್ತಿದ್ದ ಆಚಾರ್ರು ಹಾಲಿನ ಪ್ಲಗ್ಗಿನಿಂದ ಕರಿ ವೈರನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿ ಅಂಗಳಕ್ಕೆ ಎಳೆದುಕೊಳ್ಳುತ್ತಿದ್ದರು. ಬ್ಲೇಡ್ ಬದಲಿಸಬೇಕಾದಾಗ ಒಳಗಿದ್ದ ನನ್ನನ್ನು ಕೂಗಿ, "ಪಿನ್ ಕೀಳಮ್ಮ" ಅನ್ನುತ್ತಿದ್ದರು. "ಕಿತ್ತೆ" ಅಂದರೆ ಸಾಲುತ್ತಿರಲಿಲ್ಲ. ಕಿತ್ತ ಪಿನ್ನನ್ನು ಕಿಟಕಿಯಲ್ಲಿ ಎತ್ತಿ ತೋರಿಸಬೇಕು. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಅವರ ಕೈ ಬ್ಲೇಡಿನ ಹತ್ತಿರ ಹೋಗುತ್ತಿದ್ದದ್ದು.

ಈಗ ಅವರ ಮಗನ ಕಾಲ. ಅವನ ಮೆಷಿನ್ನಿಗೆ ವೈರಿಲ್ಲ. 18 ವೋಲ್ಟಿನ ಲಿಥಿಯಂ ಬ್ಯಾಟರಿ ಹಿಡಿಯ ಬುಡದಲ್ಲಿ ಟಕ್ಕೆಂದು ಕೂರುತ್ತದೆ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ತಾರಸಿಯ ಮೇಲೆ, ತೋಟದಲ್ಲಿ, ಇನ್ನೂ ಮೀಟರ್ ಬಂದಿರದ ಹೊಸ ಮನೆಯಲ್ಲಿ, ಎಲ್ಲಿ ಬೇಕಾದರೂ ಕೊಯ್ಯಬಹುದು. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನೂ ಅಂಥದೇ ಒಂದು ಗುಂಡು ಬ್ಲೇಡಿನ ಗರಗಸ ಕೊಂಡುಕೊಂಡೆ. ಪುಸ್ತಕದ ಶೆಲ್ಫು, ಹಿತ್ತಲಿಗೊಂದು ಬೆಂಚು, ಮೊಮ್ಮಗಳಿಗೆ ಓದುವ ಮಣೆ ಎಲ್ಲ ಅದರಲ್ಲೇ ಆದವು. ಮೆಷಿನ್ನು ತುಂಬ ಒಳ್ಳೆಯದು, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ವೈರು ಹೋದಾಗ ಗೋಡೆಯ ಮೇಲಿದ್ದ ಆ ಗುರುತೂ ಹೋಯಿತು. ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಮೆಷಿನ್ನು ನೋಡಲು ಸತ್ತ ಹಾಗೇ ಇರುತ್ತದೆ. ಬ್ಯಾಟರಿ ಒಳಗಿದ್ದರೆ ಒಂದು ಬೆರಳು ತಾಗಿದರೂ ಸಾಕು, ಎದ್ದು ಕೂರುತ್ತದೆ. ಆಚಾರ್ರ ಮಗ ತನ್ನ ಹುಡುಗರಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತಾನೆ: "ಬ್ಯಾಟರಿ ಕಿಟಕಿ ಮೇಲೆ, ಮೆಷಿನ್ನು ನೆಲದ ಮೇಲೆ." ಬ್ಲೇಡ್ ಬದಲಿಸುವಾಗ, ಆಳ ಸರಿ ಮಾಡುವಾಗ, ಸಿಕ್ಕಿಕೊಂಡ ಚೂರು ತೆಗೆಯುವಾಗ, ಟೀ ಕುಡಿಯಲು ಎದ್ದು ಹೋಗುವಾಗ, ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವಾಗ ಬ್ಯಾಟರಿ ಕಿಟಕಿಯ ಪಟ್ಟಿಯ ಮೇಲೆ ಕಾಣುವಂತೆ ಇರಬೇಕು. ಹಿಡಿಯಲ್ಲಿ ಲಾಕಿನ ಗುಂಡಿ ಇದೆಯಲ್ಲ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ, "ಗುಂಡಿ ಒತ್ತೋದೂ ಬೆರಳೇ ಅಲ್ವೇನೋ" ಅಂದ.

ಗರಗಸ ನನಗೆ ಚಿಕ್ಕಂದಿನಿಂದಲೂ ಗೊತ್ತು. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ಬಡಗಿಗೇನು ಕೆಲಸ ಅಂತ ಶಾಲೆಯಲ್ಲಿ ಜೊತೆಯ ಹುಡುಗಿಯರು ಕೇಳುತ್ತಿದ್ದರು. ಎರಕ ಹೊಯ್ಯಬೇಕಾದ ಪ್ರತಿ ವಸ್ತುವನ್ನೂ ಮೊದಲು ಮರದಲ್ಲಿ ಮಾಡಬೇಕು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಳಿಗೆ ಕರಗಿದ ಲೋಹ ಹೊಯ್ಯುತ್ತಾರೆ. ಲೋಹ ಆರುತ್ತ ಕುಗ್ಗುತ್ತದೆ. ಎರಕದ ಕಬ್ಬಿಣ ಅಡಿಗೆ ಇಂಚಿನ ಎಂಟನೇ ಒಂದು ಪಾಲಿನಷ್ಟು, ಉಕ್ಕು ಹೆಚ್ಚುಕಡಿಮೆ ಅದರ ಎರಡರಷ್ಟು. ಹಾಗಾಗಿ ಅಪ್ಪನ ಸ್ಕೇಲಿನ ಒಂದು ಅಡಿ ಅಂಗಡಿಯ ಸ್ಕೇಲಿನ ಅಡಿಗಿಂತ ಅಷ್ಟೇ ಉದ್ದವಾಗಿರುತ್ತಿತ್ತು. ಗರಗಸ ಗೆರೆಯಿಂದ ಕೂದಲೆಳೆಯಷ್ಟು ಆಚೀಚೆ ಹೋದರೂ ಆ ತಪ್ಪು ಕಬ್ಬಿಣದಲ್ಲಿ ಶಾಶ್ವತವಾಗುತ್ತದೆ ಎಂದು ಅವರು ಹೇಳುತ್ತಿದ್ದರು.

ಹಾಗೆ ನೋಡಿದರೆ ಈ ಊರೇ ಮರ ಕೊಯ್ದು ಬೆಳೆದದ್ದು. ಬೆಂಕಿಪುರ ಅನ್ನಿಸಿಕೊಂಡಿದ್ದ ಜಾಗದಲ್ಲಿ 1923ರ ಜನವರಿಯಲ್ಲಿ ಈ ಕಾರ್ಖಾನೆಯ ಕುಲುಮೆ ಹೊತ್ತಿದಾಗ ಅದಕ್ಕೆ ಕಲ್ಲಿದ್ದಲು ಇರಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಇದ್ದಿಲು ಮಲೆನಾಡಿನ ಕಾಡಿನಿಂದ. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಬೇಯಿಸಿ ಇದ್ದಿಲು ಮಾಡುತ್ತಿದ್ದರು, ಜೊತೆಗೆ ಬರುವ ಆವಿಯಿಂದ ಮರದ ಆಲ್ಕೋಹಾಲು ಇಳಿಸುತ್ತಿದ್ದರು. ಟ್ರಾಮ್ ಹಳಿಗಳ ಮೇಲೆ ಕಾಡಿನಿಂದ ಸೌದೆ ಬರುತ್ತಿತ್ತು. ವಿದ್ಯುತ್ ಕುಲುಮೆಗಳು ಬಂದದ್ದು 1950ರ ದಶಕದಲ್ಲಿ. ಅದಕ್ಕೂ ಮೊದಲು, 1936ರಲ್ಲಿ, ಹೊಳೆಯ ದಂಡೆಯಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಹುಟ್ಟಿತು. ಅದಕ್ಕೂ ಬೇಕಾದದ್ದು ಬಿದಿರು, ಮರ. ಅಷ್ಟು ಮರವನ್ನೆಲ್ಲ ಕಡಿದವರ, ಕೊಯ್ದವರ ಕೈಬೆರಳುಗಳ ಲೆಕ್ಕ ಯಾವ ಪುಸ್ತಕದಲ್ಲಾದರೂ ಇದೆಯೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ನಮ್ಮ ಬಾಲ್ಯದಲ್ಲಿ ಸಾಮಿಲ್ಲಿನಲ್ಲಿ ಕೆಲಸ ಮಾಡಿದ ಹಿರಿಯರ ಕೈ ನೋಡಿದರೆ ಸಾಕಿತ್ತು, ಆ ಕಸುಬು ಏನೆಂದು ಗೊತ್ತಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಆಕಾಶವಾಣಿ ಹಚ್ಚಿಕೊಂಡು ಅಪ್ಪ ಕೈಗರಗಸಕ್ಕೆ ಸಾಣೆ ಹಿಡಿಯಲು ಕೂರುತ್ತಿದ್ದರು. ಎರಡು ಪಟ್ಟಿಗಳ ನಡುವೆ ಗರಗಸವನ್ನು ಹಲ್ಲು ಮೇಲೆ ಮಾಡಿ ಬಿಗಿಯುವುದು. ಮುಮ್ಮೂಲೆ ಅರ ಹಿಡಿದು ಒಂದು ಬಿಟ್ಟು ಒಂದು ಹಲ್ಲನ್ನು ಉಜ್ಜುವುದು, ಆಮೇಲೆ ಗರಗಸ ತಿರುಗಿಸಿ ಉಳಿದವನ್ನು. ಎಲ್ಲ ಹಲ್ಲಿಗೂ ಅಷ್ಟೇ ಸಲ, ಅಷ್ಟೇ ಭಾರ. ಕೊನೆಗೆ ಹಲ್ಲುಗಳನ್ನು ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಕೊಂಚ ಬಾಗಿಸುವುದು. ಹಾಗೆ ಮಾಡದಿದ್ದರೆ ಗರಗಸದ ದಪ್ಪಕ್ಕಿಂತ ಸೀಳು ಅಗಲವಾಗುವುದಿಲ್ಲ, ಗರಗಸ ಮರದೊಳಗೆ ಸಿಕ್ಕಿಕೊಳ್ಳುತ್ತದೆ. ಸರಿಯಾಯಿತೋ ಇಲ್ಲವೋ ನೋಡಲು ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ಸೂಜಿ ತರಿಸುತ್ತಿದ್ದರು. ಹಲ್ಲುಗಳು ಎರಡೂ ಕಡೆಗೆ ಸಮನಾಗಿ ಬಾಗಿದ್ದರೆ ನಡುವೆ ಸಣ್ಣ ಕಾಲುವೆಯಂಥದ್ದು ಬಿದ್ದಿರುತ್ತದೆ. ಗರಗಸವನ್ನು ತುಸು ಓರೆ ಹಿಡಿದು ಅದರಲ್ಲಿ ಸೂಜಿ ಇಟ್ಟರೆ ಈ ತುದಿಯಿಂದ ಆ ತುದಿಗೆ ಸರ್ರನೆ ಜಾರಿಕೊಂಡು ಹೋಗಬೇಕು. ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಹಲ್ಲು ದಾರಿ ತಪ್ಪಿದೆ. ಸೂಜಿ ಓಡಿಸುವ ಕೆಲಸ ನನ್ನದು. ಅದು ನಡುವೆ ನಿಂತರೆ ಅಪ್ಪ ಬೇಸರಿಸಿಕೊಳ್ಳುತ್ತಿರಲಿಲ್ಲ, ಅರ ಎತ್ತಿಕೊಳ್ಳುತ್ತಿದ್ದರು.

"ಮೊಂಡು ಗರಗಸ ಕೊಯ್ಯಲ್ಲ, ನೂಕಿಸಿಕೊಳ್ಳತ್ತೆ" ಎನ್ನುವುದು ಅವರ ಮಾತು. ನೂಕುವವನ ಕೈ ಜಾರುತ್ತದೆ. ಆಗ ಹೋಗುವುದು ಮರ ಅಲ್ಲ. ಬ್ಯಾಟರಿ ಮೆಷಿನ್ನಿನ ಬಗ್ಗೆ ನನಗೆ ತಿಳಿದಿರುವ ಹೆಚ್ಚಿನದೆಲ್ಲ ಈ ಮಾತಿನ ಮೇಲೇ ನಿಂತಿದೆ.

ನಮ್ಮ ಬೀದಿಯಲ್ಲೇ ಒಂದು ಮನೆಯ ಅಡುಗೆಮನೆಗೆ ಕಪಾಟು ಮಾಡಲು ಬೇರೆ ಊರಿನಿಂದ ಹುಡುಗರು ಬಂದಿದ್ದರು. ಒಬ್ಬನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಮೆಷಿನ್ನಿನ ಕೆಳಗಿನ ಗಾರ್ಡು, ಅಂದರೆ ಬ್ಲೇಡು ಮರದೊಳಗೆ ಹೋಗುತ್ತ ಹೋಗುತ್ತ ಹಿಂದೆ ಸರಿದು ಹೊರಬಂದ ಕೂಡಲೇ ಮುಚ್ಚಿಕೊಳ್ಳುವ ರೆಕ್ಕೆ, ಪದೇ ಪದೇ ಪ್ಲೈವುಡ್ಡಿನ ಅಂಚಿಗೆ ತಾಗಿ ನಿಲ್ಲುತ್ತಿತ್ತು. ಅದಕ್ಕೆ ಅವನು ಒಂದು ಸಣ್ಣ ಮರದ ಚಕ್ಕೆ ತುರುಕಿ ರೆಕ್ಕೆಯನ್ನು ಮೇಲಕ್ಕೇ ನಿಲ್ಲಿಸಿಬಿಟ್ಟಿದ್ದ. ಕೊಯ್ದಾದ ಮೇಲೆ ಸ್ವಿಚ್ಚು ಬಿಟ್ಟು ಮೆಷಿನ್ನನ್ನು ನೆಲಕ್ಕಿಟ್ಟ. ಬ್ಲೇಡು ಇನ್ನೂ ತಿರುಗುತ್ತಿತ್ತು. ಗಾರ್ಡು ಇಲ್ಲದ ಬ್ಲೇಡು ನೆಲ ತಾಗಿದರೆ ಚಕ್ರ ಆಗುತ್ತದೆ. ಮೆಷಿನ್ನು ತಾನೇ ಓಡಿ ಅವನ ಪಾದದ ಮೇಲೆ ಹತ್ತಿತು. ಚಪ್ಪಲಿ ಹಾಕಿದ್ದ. ನಾನು ಹೋಗುವಷ್ಟರಲ್ಲಿ ಮನೆಯವರು ಟವೆಲ್ ಬಿಗಿಯಾಗಿ ಒತ್ತಿ ಹಿಡಿದು, ಕಾಲನ್ನು ಕುರ್ಚಿಯ ಮೇಲೆತ್ತಿ, ಆಟೋ ಕರೆಸಿದ್ದರು. ಹೊಲಿಗೆ ಬಿತ್ತು, ಎರಡು ಬೆರಳಿನ ನರ ಹೋಯಿತು, ಕಾಲು ಉಳಿಯಿತು. ಆ ಹುಡುಗನನ್ನು ನಾನು ಬೈಯಲಾರೆ. ರೆಕ್ಕೆ ಏಕೆ ನಿಲ್ಲುತ್ತಿದೆ ಎಂದು ನೋಡಲು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವನ ಮೆಷಿನ್ನನ್ನು ಆಮೇಲೆ ಆಚಾರ್ರ ಮಗ ಬಿಚ್ಚಿ ತೋರಿಸಿದ. ಮೊದಲು ಬ್ಯಾಟರಿ ಕಿಟಕಿಗೆ. ಗಾರ್ಡಿನ ಒಳಮೈಯಲ್ಲಿ ಪ್ಲೈಯ ಅಂಟು ಮತ್ತು ಹೊಟ್ಟು ಕೂಡಿ ಗಟ್ಟಿಯಾದ ಕಂದು ಹಕ್ಕಳೆ. ಸ್ಪ್ರಿಂಗಿನ ಹತ್ತಿರ ಒಂದು ಚೂರು ಮೈಕಾ. ಹಳೆಯ ಟೂತ್‌ಬ್ರಷ್ಷಿನಿಂದ, ಒಂದು ಬಿದಿರು ಕಡ್ಡಿಯಿಂದ ಅದನ್ನೆಲ್ಲ ಕೆರೆದು ತೆಗೆದು, ಒಣಬಟ್ಟೆಯಲ್ಲಿ ಒರೆಸಿದ. ಹಿಡಿಕೆ ಎಳೆದು ಬಿಟ್ಟರೆ ರೆಕ್ಕೆ ಟಪ್ಪೆಂದು ಮುಚ್ಚಿಕೊಂಡಿತು. ಇಡೀ ಕೆಲಸ ಒಂದು ಟೀ ಕುಡಿಯುವ ಹೊತ್ತಿನದು. ಅಲ್ಲಿಗೆ ಎಣ್ಣೆ ಬಿಡಬಾರದಂತೆ. ಎಣ್ಣೆಗೆ ಹೊಟ್ಟು ಅಂಟಿ ಮತ್ತೆ ಅದೇ ಹಕ್ಕಳೆ ಕಟ್ಟುತ್ತದೆ. ಅಂದಿನಿಂದ ನಾನು ಪ್ರತಿ ಸಲ ಕೊಯ್ಯುವ ಮುನ್ನ ಬ್ಯಾಟರಿ ಹಾಕುವುದಕ್ಕೂ ಮೊದಲೇ ರೆಕ್ಕೆಯನ್ನು ಎಳೆದು ಬಿಟ್ಟು ಆ ಟಪ್ಪೆನ್ನುವ ಸದ್ದು ಕೇಳಿಕೊಳ್ಳುತ್ತೇನೆ. ಸದ್ದು ಮೆತ್ತಗೆ ಬಂದರೆ ಆ ದಿನ ಮೊದಲು ಸ್ವಚ್ಛ ಮಾಡುವ ಕೆಲಸ. ಸ್ವಿಚ್ಚು ಬಿಟ್ಟ ಕೂಡಲೇ ಬ್ಲೇಡನ್ನು ಹಿಡಿದು ನಿಲ್ಲಿಸುವ ಬ್ರೇಕು ಈಗಿನ ಅನೇಕ ಮೆಷಿನ್ನುಗಳಲ್ಲಿದೆ. ಇದ್ದರೂ ಬ್ಲೇಡು ಪೂರ್ತಿ ನಿಂತದ್ದನ್ನು ಕಣ್ಣಿನಿಂದ ನೋಡದೆ ಕೆಳಗಿಡಬಾರದು.

ಹಿಂದೊದೆತದ ವಿಷಯ ಇದಕ್ಕಿಂತ ಸೂಕ್ಷ್ಮ. ನಮ್ಮ ಕಡೆಯವರು "ಮೆಷಿನ್ ಒದೀತು" ಅನ್ನುತ್ತಾರೆ. ಒಂದು ಹಲಗೆಯನ್ನು ಎರಡು ತುದಿಗೆ ಎರಡು ಸ್ಟೂಲು ಕೊಟ್ಟು ಮಲಗಿಸಿ, ನಡುವೆ ಕೊಯ್ಯಲು ಹೊರಟರೆ ಏನಾಗುತ್ತದೆ? ಸೀಳು ಆಳವಾದಂತೆ ಹಲಗೆ ತನ್ನ ಭಾರಕ್ಕೆ ನಡುವೆ ತಗ್ಗುತ್ತದೆ. ಸೀಳಿನ ಎರಡು ತುಟಿಗಳು ಮೇಲುಗಡೆ ಹತ್ತಿರ ಬಂದು ಬ್ಲೇಡನ್ನು ಕಚ್ಚುತ್ತವೆ. ಬ್ಲೇಡಿನ ಮುಂದಿನ ಹಲ್ಲುಗಳು ಮೇಲೆ ಏರುತ್ತವೆ, ಹಿಂದಿನವು ಕೆಳಕ್ಕೆ ಇಳಿಯುತ್ತವೆ. ಕಚ್ಚಿಕೊಂಡ ಬ್ಲೇಡು ಮುಂದೆ ತಿರುಗಲಾರದೆ ತನ್ನ ಬಲವನ್ನೆಲ್ಲ ಮೆಷಿನ್ನಿಗೇ ಕೊಡುತ್ತದೆ. ಮೆಷಿನ್ನು ಸೀಳಿನಿಂದ ಎದ್ದು ಹಿಡಿದವರ ಕಡೆಗೇ ಹಾರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಈ ಕೆಲಸವನ್ನು ಕೈಬಲದಿಂದ ತಡೆಯುತ್ತೇನೆ ಅನ್ನುವುದು ಆಗದ ಮಾತು. ಆಗದ ಹಾಗೆ ಹಲಗೆಯನ್ನು ಇಡುವುದೇ ದಾರಿ. ಗೆರೆಯ ಪಕ್ಕದಲ್ಲೇ, ಉಳಿಸಿಕೊಳ್ಳುವ ತುಂಡಿನ ಕೆಳಗೆ ಗಟ್ಟಿ ಆಧಾರ ಇರಬೇಕು, ಕತ್ತರಿಸಿ ಹೋಗುವ ತುಂಡು ತಾನಾಗಿ ಕೆಳಗೆ ಬೀಳುವಂತಿರಬೇಕು. ದೊಡ್ಡ ಪ್ಲೈ ಶೀಟಾದರೆ ಕೆಳಗೆ ಉದ್ದಕ್ಕೆ ರೀಪುಗಳನ್ನು ಹಾಸಿ, ಗೆರೆಯ ಎರಡೂ ಮಗ್ಗುಲಲ್ಲಿ ಒಂದೊಂದು ಬರುವ ಹಾಗೆ ಇಟ್ಟು, ನೆಲದ ಮೇಲೇ ಕೊಯ್ದುಬಿಡುವುದು ಸುಲಭ.

ನಿಲ್ಲುವ ಜಾಗವೂ ಮುಖ್ಯ. ಬ್ಲೇಡಿನ ಗೆರೆ ಹಿಂದಕ್ಕೆ ಎಳೆದರೆ ನಮ್ಮ ಮೈಯ ಮೇಲೆ ಬರಬಾರದು, ಪಕ್ಕಕ್ಕೆ ಬರಬೇಕು. ಎರಡೂ ಕೈ ಹಿಡಿಯ ಮೇಲೆ. ಹಲಗೆಯನ್ನು ಹಿಡಿಯುವುದು ಕ್ಲಾಂಪಿನ ಕೆಲಸ, ನಮ್ಮ ಎಡಗೈಯದಲ್ಲ. ಮೆಷಿನ್ನು ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸಬೇಕು. ಗೆರೆ ತಪ್ಪಿತು ಅನ್ನಿಸಿದರೆ ತಿರುಗುತ್ತಿರುವ ಬ್ಲೇಡನ್ನು ತಿರುಚಿ ದಾರಿಗೆ ತರಲು ಹೋಗಬಾರದು, ಹಿಂದಕ್ಕೆ ಎಳೆಯಲೂಬಾರದು. ಸ್ವಿಚ್ಚು ಬಿಟ್ಟು, ನಿಂತ ಮೇಲೆ ಎತ್ತಿ, ಮತ್ತೆ ಶುರು ಮಾಡಬೇಕು. ಆಳದ ವಿಷಯದಲ್ಲಿ ಬಹಳ ಜನ ಅಸಡ್ಡೆ ಮಾಡುತ್ತಾರೆ. ನನ್ನ ಮೆಷಿನ್ನಿನ ಬ್ಲೇಡು 165 ಮಿಲಿಮೀಟರಿನದು. 18 ಮಿಲಿಮೀಟರಿನ ಪ್ಲೈ ಕೊಯ್ಯಲು ಅದನ್ನು ಪೂರ್ತಿ ಕೆಳಗೆ ಬಿಟ್ಟರೆ ಹಲಗೆಯ ಅಡಿಯಲ್ಲಿ ಎರಡು ಬೆರಳಗಲ ಉಕ್ಕು ಬರಿದೇ ತಿರುಗುತ್ತಿರುತ್ತದೆ. ಹಲ್ಲಿನ ತುದಿ ಹಲಗೆಯ ಕೆಳಗೆ ಒಂದಿಷ್ಟೇ, ಒಂದು ಹಲ್ಲಿನೆತ್ತರಕ್ಕಿಂತ ಕಡಿಮೆ, ಇಣುಕಿದರೆ ಸಾಕು.

ಹಳೆಯ ಕ್ವಾರ್ಟರ್ಸುಗಳ ಬಾಗಿಲು ಚೌಕಟ್ಟುಗಳ ಮರ ಈಗ ನ್ಯೂ ಟೌನಿನ ಸುತ್ತ ಅಲ್ಲಲ್ಲಿ ಕೈಬದಲಾಗುತ್ತದೆ. ಸಾಗುವಾನಿ, ಮತ್ತಿ, ಹೊನ್ನೆ, ಇವತ್ತು ಎಷ್ಟು ದುಡ್ಡು ಕೊಟ್ಟರೂ ಅಂಥ ಮರ ಸಿಗುವುದು ಕಷ್ಟ. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂದ ಮೇಲೆ ಊರು ಬಿಟ್ಟು ಹೋಗುವವರು ತಮ್ಮ ಹಳೆಯ ಮಂಚ, ಬೀರುಗಳನ್ನು ಅಕ್ಕಪಕ್ಕದವರಿಗೆ ಕೊಟ್ಟು ಹೋದರು. ಅಂಥ ಒಂದು ಮಂಚದ ಮರದಿಂದಲೇ ನನ್ನ ಬೆಂಚಾದದ್ದು. ಹಳೆಯ ಮರದಲ್ಲಿ ಕಾಣದ ಮೊಳೆ ಇರುತ್ತದೆ. ತಲೆ ಮುರಿದು, ಮೇಲೆ ಬಣ್ಣ ಬಳಿದು, ಮಣ್ಣು ಕೂತು ಗಂಟಿನ ಹಾಗೇ ಕಾಣುತ್ತದೆ. ಕಾರ್ಬೈಡ್ ತುದಿಯ ಹಲ್ಲು ಗಟ್ಟಿ, ಆದರೆ ಮುರುಕು ಜಾತಿ. ಮೊಳೆಗೆ ಬಡಿದರೆ ಚಿಮ್ಮಿ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ದಾರಕ್ಕೆ ಕಟ್ಟಿದ ಒಂದು ಆಯಸ್ಕಾಂತವನ್ನು ಹಲಗೆಯ ಮೇಲೆ ನಿಧಾನವಾಗಿ ಓಡಿಸಿದರೆ ಅದು ಎಲ್ಲಿ ವಾಲುತ್ತದೋ ಅಲ್ಲಿ ಕೆದಕಿ ನೋಡಬಹುದು. ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ ಇಲ್ಲದೆ ನಾನು ಸ್ವಿಚ್ಚು ಒತ್ತುವುದಿಲ್ಲ. ಓದುವ ಕನ್ನಡಕ ಅದರ ಬದಲಿಗೆ ಆಗುವುದಿಲ್ಲ.

ಉಡುಪಿನ ಮಾತು ಹೇಳಲೇಬೇಕು, ಯಾಕೆಂದರೆ ಮೆಷಿನ್ನಿನ ಜೊತೆ ಬರುವ ಪುಸ್ತಕಗಳಲ್ಲಿ ಅದು ಪ್ಯಾಂಟು ಶರ್ಟಿನವರಿಗಾಗಿ ಬರೆದಿರುತ್ತದೆ. ನಮ್ಮಲ್ಲಿ ಪಂಚೆ ಇದೆ, ಲುಂಗಿ ಇದೆ, ಹೆಗಲ ಮೇಲೆ ಟವೆಲ್ ಇದೆ, ಸೆರಗು ಇದೆ, ದುಪಟ್ಟಾ ಇದೆ, ಮಣಿಕಟ್ಟಿಗೆ ದೇವಸ್ಥಾನದ ಕೆಂಪು ದಾರ ಇದೆ. ತಿರುಗುವ ಬ್ಲೇಡಿಗೆ ಬಟ್ಟೆಯ ಒಂದು ಎಳೆ ಸಿಕ್ಕರೆ ಸಾಕು, ಬಟ್ಟೆಯ ಹಿಂದೆ ಕೈ ಬರುತ್ತದೆ. ನಾನು ಕೆಲಸಕ್ಕೆ ಕೂರುವಾಗ ಮಗನ ಹಳೆಯ ಶರ್ಟನ್ನು ತೋಳು ಗುಂಡಿ ಹಾಕಿ ತೊಡುತ್ತೇನೆ, ಜಡೆಯನ್ನು ತುರುಬು ಕಟ್ಟುತ್ತೇನೆ, ಬಳೆ ಉಂಗುರ ಬಿಚ್ಚಿಡುತ್ತೇನೆ. ಬಳೆ ಬಿಚ್ಚಲು ಮೊದಮೊದಲು ಮನಸ್ಸು ಬರುತ್ತಿರಲಿಲ್ಲ. ಅಮ್ಮ ಇದ್ದಿದ್ದರೆ ಖಂಡಿತ ಬೈಯುತ್ತಿದ್ದಳು. ಅಪ್ಪ ಮಾತ್ರ ತಾವೇ ಎತ್ತಿ ಡಬ್ಬಿಯಲ್ಲಿಡುತ್ತಿದ್ದರೆಂದು ನನಗೆ ಗೊತ್ತು.

ಹೊಟ್ಟಿನ ಬಗ್ಗೆ ನಮ್ಮ ಬಡಗಿಗಳಿಗೆ ಇನ್ನೂ ಸಾಕಷ್ಟು ಭಯ ಹುಟ್ಟಿಲ್ಲ. ಮರದ ಧೂಳು ಕ್ಯಾನ್ಸರಿಗೆ ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರು. ಎಂಡಿಎಫ್ ಹಲಗೆಯ ಧೂಳು ಇನ್ನೂ ನುಣ್ಣಗೆ, ಅದರಲ್ಲಿ ಅಂಟಿನ ರಾಸಾಯನಿಕವೂ ಸೇರಿರುತ್ತದೆ. ಮೂಗಿಗೆ ಕರ್ಚೀಫು ಕಟ್ಟಿದರೆ ದಪ್ಪ ಹೊಟ್ಟು ನಿಲ್ಲುತ್ತದೆ, ನುಣ್ಣನೆಯದು ನಿಲ್ಲುವುದಿಲ್ಲ. ಎನ್95 ಮಾಸ್ಕ್ ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದಿತ್ತು. ಅದನ್ನು ಬಡಗಿಯ ಚೀಲದಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಮುಂದುವರಿಯಲಿಲ್ಲವಲ್ಲ ಎನ್ನುವುದು ನನ್ನ ನಿಜವಾದ ಸಂಕಟ.

ಬ್ಲೇಡಿನ ಆರೈಕೆಯಲ್ಲಿ ನನಗೆ ಅಪ್ಪನ ಜೊತೆ ಮತ್ತೆ ಕೂತ ಹಾಗಾಗುತ್ತದೆ. ಕಾರ್ಬೈಡ್ ಹಲ್ಲನ್ನು ಅರದಿಂದ ಉಜ್ಜಲಾಗದು, ಅದಕ್ಕೆ ವಜ್ರದ ಚಕ್ರ ಬೇಕು, ಸಾಣೆ ಅಂಗಡಿಗೇ ಕೊಡಬೇಕು. ಆದರೆ ಮೊಂಡಾಗಿದೆ ಎಂದು ನಾವು ಎಸೆಯುವ ಎಷ್ಟೋ ಬ್ಲೇಡುಗಳು ಮೊಂಡಾಗಿರುವುದಿಲ್ಲ, ಕೊಳೆಯಾಗಿರುತ್ತವೆ ಅಷ್ಟೆ. ಹಲಸಿನ ಹಾಲು, ಅಕೇಶಿಯಾದ ಅಂಟು, ಪ್ಲೈಯ ಗೋಂದು ಬಿಸಿಗೆ ಹಲ್ಲಿನ ಬುಡದಲ್ಲಿ ಬೆಂದು ಕಪ್ಪಗಾಗುತ್ತವೆ. ಹಲ್ಲಿನ ಪಕ್ಕ ದಪ್ಪವಾದರೆ ಉಜ್ಜಾಟ ಹೆಚ್ಚುತ್ತದೆ, ಮೋಟರಿಗೆ ಭಾರ ಬೀಳುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ, ಮರ ಸುಟ್ಟು ಕಂದು ಪಟ್ಟೆ ಬೀಳುತ್ತದೆ. ಬ್ಲೇಡು ಬಿಚ್ಚಿ ಅಗಲವಾದ ಬೋಗುಣಿಯಲ್ಲಿ ಬಿಸಿ ಸೋಪಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ, ಬ್ರಷ್ಷಿನಿಂದ ತಿಕ್ಕಿ, ತೊಳೆದು, ಕೂಡಲೇ ಒಣಗಿಸಿ, ತೆಳ್ಳಗೆ ಮೆಷಿನ್ ಎಣ್ಣೆ ಸವರಿಟ್ಟರೆ ಹೊಸದರ ಹಾಗೆ ಕೊಯ್ಯುತ್ತದೆ. ಒಣಗಿಸುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಆಷಾಢದ ಜಿಟಿಜಿಟಿಯಲ್ಲಿ ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಿಗ್ಗೆ ತುಕ್ಕು. ಮರಳಿ ಹಾಕುವಾಗ ಬ್ಲೇಡಿನ ಮೇಲಿನ ಬಾಣದ ಗುರುತು ಗಾರ್ಡಿನ ಮೇಲಿನ ಬಾಣದ ದಿಕ್ಕಿಗೇ ಇರಬೇಕು. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ವೇಗ ಮೆಷಿನ್ನಿನ ವೇಗಕ್ಕಿಂತ ಕಡಿಮೆ ಇರಬಾರದು. ಹಲ್ಲು ಉದುರಿದ, ಬಿರುಕು ಬಿಟ್ಟ ಬ್ಲೇಡಿಗೆ ಎರಡನೇ ಅವಕಾಶ ಇಲ್ಲ. ಉದ್ದಕ್ಕೆ ಸೀಳಲು ನನ್ನ ಹತ್ತಿರ 24 ಹಲ್ಲಿನದೊಂದಿದೆ, ಪ್ಲೈಗೆ ಅಡ್ಡ ಕೊಯ್ಯಲು 40 ಹಲ್ಲಿನದು. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಮೇಲಿನ ಮೈಯಲ್ಲೇ ಚಕ್ಕೆ ಏಳುತ್ತದೆ. ಹಾಗಾಗಿ ಮೈಕಾ ಹಾಕಿದ ಒಳ್ಳೆಯ ಮುಖ ಯಾವಾಗಲೂ ಕೆಳಗೆ.

ಬ್ಯಾಟರಿಯನ್ನು ನಮ್ಮ ಹವೆಗೆ ತಕ್ಕ ಹಾಗೆ ನೋಡಿಕೊಳ್ಳಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ, ಸ್ಕೂಟರಿನ ಡಿಕ್ಕಿಯೊಳಗೆ ಅದನ್ನು ಬಿಡಬಾರದು. ಒಂದೇ ಸಮ ಕೊಯ್ದು ಬಿಸಿಯಾದ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಚುಚ್ಚದೆ ಆರಲು ಬಿಡಬೇಕು. ಚಾರ್ಜು ಮಾಡುವ ಜಾಗದಲ್ಲಿ ಹೊಟ್ಟಿನ ರಾಶಿ, ಥಿನ್ನರ್ ಡಬ್ಬ ಇರಬಾರದು. ತಿಂಗಳುಗಟ್ಟಲೆ ಕೆಲಸವಿಲ್ಲದಿದ್ದರೆ ಅರ್ಧ ಚಾರ್ಜಿನಲ್ಲಿ, ಮೆಷಿನ್ನಿನಿಂದ ಬೇರೆಯಾಗಿ, ಒಣ ಜಾಗದಲ್ಲಿ ಇಡಬೇಕು. ಮೊಳೆ, ಸ್ಕ್ರೂ ಇರುವ ಡಬ್ಬಿಗೆ ಹಾಕಿದರೆ ಲೋಹ ಎರಡು ತುದಿಗೂ ತಾಗಿ ಶಾರ್ಟ್ ಆಗುತ್ತದೆ. ಉಬ್ಬಿದ್ದು, ನೆಲಕ್ಕೆ ಬಿದ್ದು ಬಿರಿದದ್ದು ಇನ್ನು ಕೆಲಸಕ್ಕಿಲ್ಲ. ಅದನ್ನು ಕಸದ ಗಾಡಿಗೆ ಹಾಕುವುದು ಆ ಗಾಡಿಯ ಜನರಿಗೆ ಬೆಂಕಿ ಕೊಟ್ಟ ಹಾಗೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸು ಪಡೆಯುವ ಹೊಣೆ ತಯಾರಕರದು. ಮಾರಿದ ಅಂಗಡಿಯಲ್ಲಿ ಧೈರ್ಯವಾಗಿ ಕೇಳಿ. ಮೋಟರಿನ ಗಾಳಿಕಂಡಿಗಳಲ್ಲಿ ತುಂಬಿದ ಹೊಟ್ಟನ್ನು ಒಣ ಬ್ರಷ್ಷಿನಿಂದ ತೆಗೆಯುವುದೂ ಮೆಷಿನ್ನಿನ ಆಯಸ್ಸಿಗೇ ಸೇರಿದ ಕೆಲಸ. ಉಸಿರು ಕಟ್ಟಿದ ಮೋಟರು ಬೇಗ ಬಿಸಿಯಾಗುತ್ತದೆ.

ನಾನು ಕೊಂಡ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಇತ್ತು. ಅನೇಕ ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಮೆಷಿನ್ನು ಹಿಡಿಯುವ ಹುಡುಗರಲ್ಲಿ ಹೆಚ್ಚಿನವರು ಕನ್ನಡ ಶಾಲೆಯಲ್ಲಿ ಓದಿದವರು, ಅವರಲ್ಲಿ ಕೆಲವರು ನನ್ನ ಮುಂದೆಯೇ ಕೂತು ಅಕ್ಷರ ಕಲಿತವರು. ಅದಕ್ಕೇ ನಾನು ಮೇಲೆ ಹೇಳಿದ್ದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಎರಡು ಪುಟ ಬರೆದು, ಲ್ಯಾಮಿನೇಟ್ ಮಾಡಿಸಿ, ಆಚಾರ್ರ ಮಗನಿಗೆ ಕೊಟ್ಟೆ. ಅವನು ನಿಂತುಕೊಂಡೇ ಪೂರ್ತಿ ಓದಿದ. "ಟೀಚರ್, ಎಲ್ಲ ಸರಿ ಇದೆ. ಆದ್ರೆ ಸುಸ್ತಾದಾಗ ಏನ್ಮಾಡ್ಬೇಕು ಅಂತ ಬರ್ದಿಲ್ಲ" ಅಂದ. ಕೆಲಸ ಮುಗಿಸಿಕೊಡಬೇಕಾದ ದಿನ, ಸಂಜೆ, ಕೊನೆಯ ನಾಲ್ಕು ಹಲಗೆ ಉಳಿದಿರುವಾಗಲೇ ಹೆಚ್ಚಿನ ಗಾಯ ಆಗುವುದನ್ನು ತಾನು ಕಂಡಿದ್ದೇನೆ ಎಂದ. ಆಗ ಮಾಲೀಕರು ಎದುರಿಗೆ ನಿಂತಿರುತ್ತಾರೆ, ಬೆಳಕು ಇಳಿದಿರುತ್ತದೆ, ಬ್ಲೇಡು ಬದಲಿಸಲು ಬೇಸರ ಬರುತ್ತದೆ. ಹಾಳೆಯನ್ನು ಹಿಂದಕ್ಕೆ ತಂದು, ಮನೆ ಕಟ್ಟಿಸುವವರಿಗಾಗಿಯೇ ಒಂದು ಸಾಲು ಸೇರಿಸಿ, ಹೊಸದಾಗಿ ಲ್ಯಾಮಿನೇಟ್ ಮಾಡಿಸಿದೆ: ಕತ್ತಲಾದ ಮೇಲೆ ಬಡಗಿಗೆ ಅವಸರ ಮಾಡಬೇಡಿ, ಉಳಿದ ನಾಲ್ಕು ಹಲಗೆ ನಾಳೆ ಕೊಯ್ಯಲಿ, ಆ ದಿನದ ಕೂಲಿಯನ್ನು ಪೂರ್ತಿ ಕೊಟ್ಟು ಕಳಿಸಿ.